ಅಪ್‌ಡೇಟ್ ಆದ ಮೇಲೆ ಗೇಮ್ ಕೆಟ್ಟರೆ ಫಾರ್ಮ್ಯಾಟ್ ಮಾಡಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಸೋಮವಾರಪೇಟೆಯವರು. ಲ್ಯಾಪ್‌ಟಾಪ್‌ಗೆ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಿದೆ. ಅದಾದ ಮೇಲೆ ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ನೀರಿನ ಮೇಲೆ ಇಳಿಯುವ ಸ್ಕಿಮ್ಮರ್ ವಿಮಾನ ಕಾಣುತ್ತಿಲ್ಲ. ಅಣ್ಣನ ಕಾಲದ ಸಿಡಿಯಲ್ಲಿರುವ ರೇಸ್ ಗೇಮ್ ಇನ್‌ಸ್ಟಾಲ್ ಏನೋ ಆಗುತ್ತದೆ, ತೆರೆಯುವುದಿಲ್ಲ. ಅಂಗಡಿಯವರು "ಅಪ್‌ಡೇಟ್‌ನದ್ದೇ ಪ್ರಾಬ್ಲಮ್, ಫಾರ್ಮ್ಯಾಟ್ ಮಾಡಿ ವಿಂಡೋಸ್ 10 ಹಾಕೋಣ" ಎಂದಿದ್ದಾರೆ. ಮಾಡಿಸಲಾ ಎಂದು ಕೇಳಿದ್ದೀರಿ.

ಬೇಡ. ನಿಮ್ಮ ಎರಡು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಗೇಮ್‌ನ ಒಳಗಿನ ಹಳೆಯ ತಪ್ಪು. ಇನ್ನೊಂದು ಬಹುಶಃ ವಿಂಡೋಸ್ 10ಕ್ಕೆ ವಾಪಸ್ ಹೋದರೂ ಸರಿಯಾಗುವುದಿಲ್ಲ.

ನಾನು ವಿರಾಜಪೇಟೆ ಕಡೆಯವನು. ಪುತ್ತರಿಗೋ ಕೈಲ್‌ಪೊಳ್ದಿಗೋ ಬೆಂಗಳೂರು, ಮೈಸೂರಿನಿಂದ ಮನೆಗೆ ಬರುವ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು "ಅಣ್ಣಾ, ಇದು ಓಡ್ತಿಲ್ಲ" ಎನ್ನುತ್ತಾರೆ. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಕೈ ಪಳಗಿದೆ.

ಮೊದಲು ಸ್ಕಿಮ್ಮರ್ ವಿಷಯ. ಇದರ ಕಥೆ ಬಲು ಚೆನ್ನಾಗಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಗೇಮ್‌ನ ಡೇಟಾ ಫೋಲ್ಡರ್‌ನಲ್ಲಿ ವೆಹಿಕಲ್ಸ್ ಡಾಟ್ ಐಡಿಇ ಎಂಬ ಫೈಲ್ ಇದೆ. ಪ್ರತಿ ಗಾಡಿಗೂ ಅದರಲ್ಲಿ ಒಂದೊಂದು ಸಾಲು. ಸಾಲಿನ ಕೊನೆಯಲ್ಲಿ ಚಕ್ರದ ಅಳತೆ ಬರೆದಿರಬೇಕು. ಸ್ಕಿಮ್ಮರ್‌ನ ಸಾಲಿನಲ್ಲಿ ಆ ಅಂಕಿಗಳೇ ಇಲ್ಲ! ಯಾಕೆಂದರೆ ಹಿಂದಿನ ವೈಸ್ ಸಿಟಿ ಗೇಮ್‌ನಲ್ಲಿ ಸ್ಕಿಮ್ಮರ್ ದೋಣಿಗಳ ಪಟ್ಟಿಯಲ್ಲಿತ್ತು. ದೋಣಿಗೆ ಯಾವ ಚಕ್ರ? ಸ್ಯಾನ್ ಆಂಡ್ರಿಯಾಸ್‌ಗೆ ಬಂದಾಗ ಅದನ್ನು ವಿಮಾನದ ಪಟ್ಟಿಗೆ ಸೇರಿಸಿದರು, ಸಾಲು ತಿದ್ದುವುದನ್ನು ಮರೆತರು. ಸಾಲು ಓದುವ ಕೋಡ್ ಕೂಡ ಎಷ್ಟು ಅಂಕಿ ಸಿಕ್ಕಿತು ಎಂದು ನೋಡುತ್ತಿರಲಿಲ್ಲ. ಅಂಕಿ ಸಿಗದಿದ್ದರೆ ಮೆಮೊರಿಯ ಆ ಜಾಗದಲ್ಲಿ ಏನು ಉಳಿದಿದೆಯೋ ಅದನ್ನೇ ತೆಗೆದುಕೊಳ್ಳುತ್ತಿತ್ತು. ಹಿಂದಿನ ಪೀರಿಯಡ್‌ನ ಮೇಷ್ಟ್ರು ಬೋರ್ಡ್ ಒರೆಸದೆ ಹೋದರೆ, ಮುಂದಿನ ಕ್ಲಾಸಿನ ಹುಡುಗ ಅದನ್ನೇ ಲೆಕ್ಕದ ಉತ್ತರ ಎಂದು ಬರೆದುಕೊಂಡ ಹಾಗೆ. ಅಲ್ಲಿ ಉಳಿದಿರುತ್ತಿದ್ದದ್ದು ಸ್ವಲ್ಪ ಮೊದಲು ಓದಿದ್ದ ಒಂದು ವ್ಯಾನಿನ ಚಕ್ರದ ಅಳತೆ, 0.7. ಅದು ಸರಿಹೊಂದುವ ಅಳತೆಯೇ ಆದದ್ದರಿಂದ 2005ರಲ್ಲಿ ಪಿಸಿಗೆ ಬಂದ ಗೇಮ್‌ನಲ್ಲಿ ಈ ತಪ್ಪು ಸುಮಾರು 20 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

24ಎಚ್2ನಲ್ಲಿ ವಿಂಡೋಸ್‌ನ ಒಳಗಿನ ಒಂದು ಸಣ್ಣ ಕೆಲಸದ ರೀತಿ ಬದಲಾಯಿತು. ಅದು ಮೊದಲಿಗಿಂತ ಸ್ವಲ್ಪ ಜಾಸ್ತಿ ಮೆಮೊರಿ ಬಳಸಲು ಶುರು ಮಾಡಿತು. ಹಾಗಾಗಿ 0.7 ಇದ್ದ ಜಾಗದ ಮೇಲೆ ಬೇರೇನೋ ಬರೆದುಹೋಯಿತು. ಈಗ ಗೇಮ್‌ಗೆ ಸಿಗುವುದು ಅರ್ಥವಿಲ್ಲದ ಒಂದು ಅಂಕಿ. ವಿಮಾನ ಲೆಕ್ಕಕ್ಕೆ ಸಿಗದಷ್ಟು ಎತ್ತರಕ್ಕೆ ಹೋಗಿಬಿಡುತ್ತದೆ. ನೀವು ಚೀಟ್ ಅಥವಾ ಟ್ರೇನರ್ (ಗೇಮ್‌ನ ನಿಯಮ ಬದಲಿಸುವ ಸಣ್ಣ ಪ್ರೋಗ್ರಾಂ) ಹಾಕಿ ಅದರೊಳಗೆ ಕೂತರೆ ಗೇಮ್‌ನ ನಾಯಕ ಸಿಜೆಯನ್ನೂ ಆಕಾಶಕ್ಕೆ ಹೊತ್ತೊಯ್ಯುತ್ತದೆ. ಹಳೆಯ ಗೇಮ್‌ಗಳನ್ನು ಸುಮ್ನೆ ಖುಷಿಗೆ ರಿಪೇರಿ ಮಾಡುವ ಸೈಲೆಂಟ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಇದನ್ನು ಹುಡುಕಿ 2025ರಲ್ಲಿ ವಿವರವಾಗಿ ಬರೆದಿದ್ದಾರೆ. ಗೇಮ್‌ನ ತಪ್ಪು ತಿದ್ದುವ ಅವರ ಸೈಲೆಂಟ್‌ಪ್ಯಾಚ್‌ನ ಹೊಸ ಆವೃತ್ತಿ ಹಾಕಿಕೊಳ್ಳಿ, ಆಯಿತು. ಪ್ಯಾಚ್ ಬೇಡ ಎನ್ನುವುದಾದರೆ ವೆಹಿಕಲ್ಸ್ ಫೈಲಿನ ಒಂದು ಕಾಪಿ ಇಟ್ಟುಕೊಂಡು, ನೋಟ್‌ಪ್ಯಾಡ್‌ನಲ್ಲಿ ಸ್ಕಿಮ್ಮರ್ ಸಾಲಿನ ಕೊನೆಗೆ ಕಾಮಾ ಹಾಕಿ -1, 0.7, 0.7, -1 ಎಂದು ಸೇರಿಸಿ.

ಇದರಲ್ಲಿ ಮೈಕ್ರೋಸಾಫ್ಟ್‌ನವರ ತಪ್ಪೇನಿದೆ, ಹೇಳಿ? ಹಿಂದೆ ಅವರು ಇಂಥ ಗೇಮ್‌ಗಳಿಗೆ ಮುಲಾಜೂ ತೋರಿಸಿದ್ದುಂಟು. ಸಿಮ್‌ಸಿಟಿ ಗೇಮ್ ತಾನು ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿತ್ತು. ವಿಂಡೋಸ್‌ಗಿಂತ ಹಿಂದಿನ ಡಾಸ್‌ನಲ್ಲಿ ಅದು ನಡೆದುಹೋಗುತ್ತಿತ್ತು. ವಿಂಡೋಸ್ 95ರಲ್ಲಿ ಕೆಡುತ್ತದೆ ಎಂದು ಗೊತ್ತಾದಾಗ, ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ ಅದಕ್ಕೆ ಮಾತ್ರ ಬೇರೆ ರೀತಿ ಮೆಮೊರಿ ಕೊಡುವ ಕೋಡನ್ನು ವಿಂಡೋಸ್‌ನೊಳಗೇ ಬರೆದಿದ್ದರು. ಎಲ್ಲ ಗೇಮ್‌ಗೂ ಹೀಗೆ ಮಾಡುತ್ತಾ ಕೂರಲು ಆಗುತ್ತಾ?

ಈಗ ಸಿಡಿ ಗೇಮ್. ಇಲ್ಲಿ ಮಾತ್ರ ವಿಂಡೋಸ್ ಬೇಕೆಂದೇ ಬಾಗಿಲು ಹಾಕಿರಬಹುದು. 2000ದ ಆಚೀಚೆ ಬಂದ ತುಂಬಾ ಗೇಮ್‌ಗಳಲ್ಲಿ ಸಿಡಿ ನಕಲು ಮಾಡದಂತೆ ಸೇಫ್‌ಡಿಸ್ಕ್ ಎಂಬ ಬೀಗ ಇರುತ್ತಿತ್ತು. ಡಿಸ್ಕ್ ಅಸಲಿಯೇ ಎಂದು ನೋಡಲು ಅದಕ್ಕೆ ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಂ ಬೇಕು. ಆ ಡ್ರೈವರ್ ವಿಂಡೋಸ್‌ನ ಒಳಮನೆಯವರೆಗೂ ಹೋಗಬಲ್ಲದು, ಅದರಲ್ಲಿದ್ದ ಒಂದು ದೋಷವನ್ನು 2007ರಲ್ಲೇ ಹ್ಯಾಕರ್‌ಗಳು ಬಳಸಿಕೊಂಡಿದ್ದರು. ಹಾಗಾಗಿ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದನ್ನು ಇಡಲೇ ಇಲ್ಲ. ಅದೇ ಸೆಪ್ಟೆಂಬರ್‌ನ ಸೆಕ್ಯುರಿಟಿ ಅಪ್‌ಡೇಟ್‌ನಲ್ಲಿ ವಿಸ್ಟಾ, 7 ಮತ್ತು 8ರಲ್ಲೂ ಬಂದ್ ಮಾಡಿದರು. ನಿಮ್ಮ ಸಿಡಿಯ ಫೈಲ್‌ಗಳನ್ನು ತೆರೆದು ನೋಡಿ. 00000001 ಎಂಬ ಹೆಸರಿನ ಟೆಂಪ್ ಫೈಲ್ ಇದ್ದರೆ ಅದು ಸೇಫ್‌ಡಿಸ್ಕ್. ಹಾಗಿದ್ದರೆ ವಿಂಡೋಸ್ 10 ಹಾಕಿಸಿ ಪ್ರಯೋಜನವಿಲ್ಲ, ಅಲ್ಲೂ ತೆರೆಯುವುದಿಲ್ಲ.

ಏನು ಮಾಡಬಹುದು? ಕೆಲವು ಕಂಪನಿಗಳು ಕೊನೆಯ ಅಧಿಕೃತ ಪ್ಯಾಚ್‌ನಲ್ಲಿ ಈ ಡಿಸ್ಕ್ ತಪಾಸಣೆಯನ್ನೇ ತೆಗೆದಿವೆ, ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅದೇ ಗೇಮ್ ಇದೆಯಾ ನೋಡಿ. ಅವರು ಬೀಗ ತೆಗೆದು, ಹೊಸ ವಿಂಡೋಸ್‌ಗೆ ಒಗ್ಗಿಸಿ ಮಾರುತ್ತಾರೆ. ಡಿಸ್ಕೌಂಟ್ ಬಂದಾಗ ತುಂಬಾ ಅಗ್ಗ. ಯಾವುದೋ ಸೈಟಿನಿಂದ ಕ್ರ್ಯಾಕ್ (ಬೀಗ ಮುರಿದ ಫೈಲ್) ಇಳಿಸಿಕೊಳ್ಳಬೇಡಿ, ಗೇಮ್ ಜೊತೆ ವೈರಸ್ಸೂ ಬರುತ್ತದೆ. ಮನೆಯ ಅಟ್ಟದಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್ ಇದ್ದರೆ ಇಂಟರ್ನೆಟ್ ಕೊಡದೆ ಅದರಲ್ಲೇ ಆಡಿ, ಅದಕ್ಕಿಂತ ಸುಖ ಬೇರೆ ಇಲ್ಲ. ಅಂದಹಾಗೆ, ನಮ್ಮ ಕಡೆಯ ಮಳೆಗೆ ಸಿಡಿಗೂ ಬೂಷ್ಟು ಹಿಡಿಯುತ್ತದೆ ಅಲ್ವಾ? ಡ್ರೈವ್ ಓದಲು ಒದ್ದಾಡುತ್ತಿದ್ದರೆ ವಿಂಡೋಸನ್ನು ಬೈಯುವ ಮೊದಲು ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ.

ಇದೇ ತೊಂದರೆಗೆಂದು ಇಲ್ಲಿಗೆ ಬರುವ ಬೇರೆಯವರಿಗೂ ಒಂದೆರಡು ಮಾತು. ಡಿ3ಡಿಎಕ್ಸ್9 ಎಂದು ಶುರುವಾಗುವ ಫೈಲ್ ಇಲ್ಲ ಎಂದರೆ, ಗೇಮ್‌ಗಳಿಗೆ ಬೇಕಾಗುವ ವಿಂಡೋಸ್‌ನ ಭಾಗವಾದ ಡೈರೆಕ್ಟ್‌ಎಕ್ಸ್ 12 ಇದ್ದರೂ ಜೂನ್ 2010ರ ಹಳೆಯ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಬೇರೆಯಾಗಿ ಹಾಕಬೇಕು. ಡೈರೆಕ್ಟ್‌ಪ್ಲೇ ಎಂಬ ಹಳೆಯ ಭಾಗ ಕೇಳಿದರೆ ವಿಂಡೋಸ್ ಫೀಚರ್ಸ್‌ನಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಟಿಕ್ ಹಾಕಿ. ಡಾಸ್ ಕಾಲದ ಗೇಮ್ ಆದರೆ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿ. ಮ್ಯಾಕ್ ಇರುವವರ 32 ಬಿಟ್ ಗೇಮ್‌ಗಳು 2019ರ ಕ್ಯಾಟಲೀನಾ ಎಂಬ ಮ್ಯಾಕ್ ಆವೃತ್ತಿಯಿಂದ ಈಚೆಗೆ ಓಡುವುದಿಲ್ಲ, ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ.

ಹೊಸ ಗೇಮ್ ಕೆಟ್ಟರೆ ಮಾತ್ರ ಅನುಮಾನ ಬೇರೆ ಕಡೆ ಇರಲಿ: ಗ್ರಾಫಿಕ್ಸ್ ಡ್ರೈವರ್ ಅಥವಾ ಮೋಸ ತಡೆಯುವ ಆ್ಯಂಟಿ ಚೀಟ್. 2024ರ ಕೊನೆಯಲ್ಲಿ ಅಸಾಸಿನ್ಸ್ ಕ್ರೀಡ್ ವಲ್ಹಾಲಾ, ಒರಿಜಿನ್ಸ್, ಒಡಿಸ್ಸಿಯಂಥ ಯೂಬಿಸಾಫ್ಟ್ ಗೇಮ್‌ಗಳು 24ಎಚ್2ನಲ್ಲಿ ನಿಂತುಹೋಗುತ್ತಿವೆ ಎಂದು ಮೈಕ್ರೋಸಾಫ್ಟೇ ಒಪ್ಪಿಕೊಂಡು, ಆ ಗೇಮ್ ಇರುವ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ತಡೆಹಿಡಿದಿತ್ತು. ಈಸಿ ಆ್ಯಂಟಿ ಚೀಟ್‌ನ ಹಳೆಯ ಆವೃತ್ತಿಯಿಂದ ಕೆಲವು ಇಂಟೆಲ್ ಕಂಪ್ಯೂಟರ್‌ಗಳಲ್ಲಿ ನೀಲಿ ಪರದೆ ಬರುತ್ತಿತ್ತು, ಅಲ್ಲೂ ಹೀಗೇ ಮಾಡಿದರು. ಆದ್ದರಿಂದ ಪಕ್ಕದ ಮನೆಯವನಿಗೆ ಬಂದ ಅಪ್‌ಡೇಟ್ ನಿಮಗೆ ಬಂದಿಲ್ಲ ಎಂದರೆ ಐಎಸ್‌ಒ (ವಿಂಡೋಸ್‌ನ ಪೂರ್ತಿ ಇನ್‌ಸ್ಟಾಲ್ ಫೈಲ್) ಇಳಿಸಿ ಬಲವಂತವಾಗಿ ಹಾಕಬೇಡಿ. ತಡೆಗೆ ಕಾರಣ ಇರಬಹುದು.

ಅಪ್‌ಡೇಟ್ ಹಿಂದಕ್ಕೆ ತೆಗೆಯುವ ದಾರಿ ಇದೆ, ಆದರೆ ಗಡುವು 10 ದಿನ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ಗೋ ಬ್ಯಾಕ್. ಅಷ್ಟರೊಳಗೆ ಜಾಗ ಇಲ್ಲವೆಂದು ಹಳೆಯ ವಿಂಡೋಸ್ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿಯೂ ಮುಚ್ಚುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಂತೂ ಇದಕ್ಕೆ ಕೈ ಹಾಕುವ ಮೊದಲು ಬ್ಯಾಟರಿ ತುಂಬಿಸಿಕೊಳ್ಳಿ. ನಡುವೆ ಕರೆಂಟ್ ಹೋದರೆ ವಿಂಡೋಸ್ ಏಳದೇ ಇರಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನವರು ಮರ ಬೀಳುವ ದಿನಗಳಲ್ಲಿ ಅಪ್‌ಡೇಟನ್ನೇ ನಿಲ್ಲಿಸಿಟ್ಟುಕೊಳ್ಳುವುದು ಒಳ್ಳೆಯದು, ಐದು ವಾರದವರೆಗೆ ಮುಂದೂಡಬಹುದು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ತೋಟದ ಮನೆಯವರು ಆ ವೈಫೈಗೆ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾ ಬೆಳಗ್ಗೆಯೇ ಖಾಲಿ.

ನಿಮಗೆ ಗೋ ಬ್ಯಾಕ್ ಕೂಡ ಬೇಕಿಲ್ಲ. ವಾಪಸ್ ಹೋದರೂ ಮುಂದೊಂದು ದಿನ ಅಪ್‌ಡೇಟ್ ಮತ್ತೆ ಬರುತ್ತದೆ, ಸ್ಕಿಮ್ಮರ್ ಮತ್ತೆ ಹಾರಿಹೋಗುತ್ತದೆ. ಇನ್ನು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕಿನ ಕೆಲಸ, ಆರ್‌ಟಿಸಿ ನೋಡುವುದು ಎಲ್ಲ ಇದ್ದರೆ, ಒಂದು ವಿಮಾನಕ್ಕೋಸ್ಕರ ಅಲ್ಲಿಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಲ್ಯಾಪ್‌ಟಾಪ್ ಆಗಲೇ ಅಂಗಡಿಯಲ್ಲಿ ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ, ಏನೂ ಅಳಿಸಬೇಡಿ ಎನ್ನಿ. ಅವರು ಗೇಮ್ ಫೋಲ್ಡರ್ ಕಾಪಿ ಮಾಡಿಟ್ಟಿದ್ದೇವೆ ಎಂದರೂ ಸಾಲದು. ಸ್ಯಾನ್ ಆಂಡ್ರಿಯಾಸ್‌ನ ಸೇವ್‌ಗಳು ಗೇಮ್ ಫೋಲ್ಡರ್‌ನಲ್ಲಿ ಇರುವುದಿಲ್ಲ. ಡಾಕ್ಯುಮೆಂಟ್ಸ್ ಒಳಗೆ ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್ ಎಂಬ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ. ಅದನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ.