‘ಡೆಸಿಮೇಟ್’ ತಪ್ಪಲ್ಲ, ಹಳೆಯ ಪುಟಗಳನ್ನು ಸ್ವಲ್ಪ ತಿರುವಿ ನೋಡಿ

ಓದುಗರ ಪತ್ರ: ಕಳೆದ ಸಂಚಿಕೆಯ ಕಾಡ್ಗಿಚ್ಚಿನ ಲೇಖನದಲ್ಲಿ ‘ಬೆಂಕಿ ಇಡೀ ಕಾಡನ್ನೇ ಡೆಸಿಮೇಟ್ ಮಾಡಿತು’ ಎಂದು ಬರೆದಿದ್ದೀರಿ. ಡೆಸಿಮೇಟ್ ಅಂದರೆ ಹತ್ತರಲ್ಲಿ ಒಂದನ್ನು ನಾಶ ಮಾಡುವುದು. ಇಂಗ್ಲಿಷ್ ಪದ ಬಳಸುವುದಾದರೆ ಅದರ ಮೂಲ ಅರ್ಥ ತಿಳಿದು ಬಳಸಿ. ಪತ್ರಿಕೆಯವರೇ ಹೀಗೆ ಬರೆದರೆ ಭಾಷೆ ಕೆಡದೆ ಇನ್ನೇನು? ಹಾಗೆಯೇ ‘ಡಿಸ್‌ಇಂಟರೆಸ್ಟೆಡ್’ ಅಂದರೆ ನಿಷ್ಪಕ್ಷಪಾತ ಮಾತ್ರ. ಆಸಕ್ತಿ ಇಲ್ಲದವನು ಅಂತ ಬಳಸುವುದು ಈಗಿನವರ ಅಜ್ಞಾನ.

ಸಂಪಾದಕರ ಉತ್ತರ: ಒಂದೇ ಒಂದು ಪದ ಕಣ್ಣಿಗೆ ಚುಚ್ಚಿತು ಅಂತ ಪತ್ರ ಬರೆಯುವ ಓದುಗರು ಇದ್ದಾರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ನೀವು ಹೇಳಿದ ಮೂಲವೂ ಸರಿಯೇ. ರೋಮನ್ ಸೈನ್ಯದಲ್ಲಿ ಹೆದರಿ ಓಡಿದ ತುಕಡಿಗೆ ಕೊಡುತ್ತಿದ್ದ ಶಿಕ್ಷೆ ಅದು. ಚೀಟಿ ಎತ್ತಿ ಹತ್ತು ಜನರಲ್ಲಿ ಒಬ್ಬನನ್ನು ಆರಿಸುತ್ತಿದ್ದರು. ಉಳಿದ ಒಂಬತ್ತು ಜನ ತಮ್ಮ ಜೊತೆಗಾರನನ್ನೇ ದೊಣ್ಣೆಯಿಂದ ಹೊಡೆದು ಕೊಲ್ಲಬೇಕಿತ್ತು. ಬಳಕೆ ತಪ್ಪಿಹೋಗಿದ್ದ ಈ ಶಿಕ್ಷೆಯನ್ನು ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆಯ ಹೊತ್ತಿನಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಮತ್ತೆ ಜಾರಿಗೆ ತಂದ.

ಇಲ್ಲಿಯವರೆಗೆ ನಿಮ್ಮ ಜೊತೆಗಿದ್ದೇನೆ. ಮುಂದಕ್ಕೆ ಬರಲಾರೆ. ಡೆಸಿಮೇಟ್‌ನಲ್ಲಿರುವ ಹತ್ತೇ (ಲ್ಯಾಟಿನ್ನಿನ ‘ಡೆಸೆಮ್’) ಡಿಸೆಂಬರ್‌ನಲ್ಲೂ ಇದೆ. ಅದು ಹನ್ನೆರಡನೇ ತಿಂಗಳು, ಅಲ್ವಾ? ಕ್ವಾರಂಟೈನ್‌ನಲ್ಲಿ ನಲವತ್ತು ಅಡಗಿದೆ. ಪ್ಲೇಗಿನ ಕಾಲದಲ್ಲಿ ವೆನಿಸ್ಸಿನವರು ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸಿದ್ದರಿಂದ ಬಂದ ಹೆಸರು. ಹದಿನಾಲ್ಕು ದಿನ ಇರಿಸಿದರೆ ಅದು ಕ್ವಾರಂಟೈನ್ ಅಲ್ಲ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 1655ರಲ್ಲಿ, ರಾಜನನ್ನು ಸೋಲಿಸಿ ಅಧಿಕಾರಕ್ಕೆ ಬಂದಿದ್ದ ಕ್ರಾಮ್‌ವೆಲ್ ಸರ್ಕಾರ ರಾಜನ ಕಡೆಯವರ ಆದಾಯದ ಮೇಲೆ ಹತ್ತನೇ ಒಂದು ಪಾಲಿನ ತೆರಿಗೆ ಹಾಕಿತು. ಅದನ್ನೂ ಡೆಸಿಮೇಷನ್ ಅಂತಲೇ ಕರೆದರು. ಅಲ್ಲಿ ಯಾರ ತಲೆಯೂ ಉರುಳಲಿಲ್ಲ. ‘ಬಹುಪಾಲು ನಾಶ ಮಾಡು’ ಅನ್ನುವ ಅರ್ಥವೂ ಅದೇ ಶತಮಾನದಿಂದ ಬರಹದಲ್ಲಿದೆ. ನಮ್ಮ ಲೇಖಕರು ಹೊಸದಾಗಿ ಕೆಡಿಸಿದ್ದು ಏನೂ ಇಲ್ಲ.

ಮೂಲ ಅರ್ಥವೇ ಸರಿ ಅಂತ ಹಟ ಹಿಡಿದರೆ ಯಾರನ್ನೂ ‘ನೈಸ್’ ಅಂತ ಹೊಗಳುವ ಹಾಗಿಲ್ಲ, ಏಕೆಂದರೆ ಮಧ್ಯಯುಗದ ಇಂಗ್ಲಿಷಿನಲ್ಲಿ ಅದು ಪೆದ್ದನಿಗೆ ಹೇಳುತ್ತಿದ್ದ ಮಾತು. ‘ಸಿಲ್ಲಿ’ ಅಂದರೆ ಪುಣ್ಯವಂತ. ‘ಗರ್ಲ್’ ಗಂಡುಮಗುವೂ ಆಗಬಹುದಿತ್ತು. ಈಗ ಮಾಂಸ ಅನ್ನುವ ‘ಮೀಟ್’ ಅಂದರೆ ಆಗ ಯಾವುದೇ ಆಹಾರ, ಈಗ ಜಿಂಕೆ ಅನ್ನುವ ‘ಡಿಯರ್’ ಅಂದರೆ ಯಾವುದೇ ಪ್ರಾಣಿ. 1611ರ ಇಂಗ್ಲಿಷ್ ಬೈಬಲಿನ ಒಂದು ಕೀರ್ತನೆಯಲ್ಲಿ ಭಕ್ತ ತಾನು ಬೆಳಗಾಗುವುದನ್ನೇ ‘ಪ್ರಿವೆಂಟ್’ ಮಾಡಿದೆ ಅನ್ನುತ್ತಾನೆ. ಅವನು ಸೂರ್ಯನನ್ನು ತಡೆದು ನಿಲ್ಲಿಸಿರಲಿಲ್ಲ. ಬೆಳಗಾಗುವ ಮೊದಲೇ ಎದ್ದಿದ್ದ, ಅಷ್ಟೇ. ಆಗ ಆ ಪದಕ್ಕೆ ‘ಮುಂಚೆ ಬರು’ ಅನ್ನುವ ಅರ್ಥ ಇತ್ತು.

ಈ ವಿಷಯದಲ್ಲಿ ನನಗೆ ಗುರು ಅಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಟ್ಟಿದ ಜೇಮ್ಸ್ ಮರ್ರಿ. 1879ರಲ್ಲಿ ಹತ್ತು ವರ್ಷದ ಕೆಲಸ ಅಂತ ಒಪ್ಪಿಕೊಂಡರು. ಐದು ವರ್ಷ ಕಳೆದಾಗ ಅಚ್ಚಾಗಿದ್ದು ‘ಎ’ ಇಂದ ‘ಆಂಟ್’ವರೆಗೆ ಮಾತ್ರ. 1915ರಲ್ಲಿ ಅವರು ತೀರಿಕೊಂಡರು, ನಿಘಂಟು ಮುಗಿದದ್ದು 1928ರಲ್ಲಿ. ಮನೆಯ ತೋಟದಲ್ಲಿ ತಗಡಿನ ಒಂದು ಶೆಡ್ ಹಾಕಿಸಿ, ಗೂಡುಗೂಡಾದ ಕಪಾಟುಗಳಲ್ಲಿ ಚೀಟಿಗಳನ್ನು ತುಂಬಿಸುತ್ತಾ ಹೋದರು. ಸಾಮಾನ್ಯ ಓದುಗರು ಪುಸ್ತಕ ಓದುತ್ತಾ ಬರೆದು ಕಳಿಸಿದ ಚೀಟಿಗಳವು, ಒಟ್ಟು ಲಕ್ಷಗಟ್ಟಲೆ. ಪ್ರತಿ ಚೀಟಿಯಲ್ಲಿ ಒಂದು ಪದ, ಯಾವ ವರ್ಷ, ಯಾವ ಪುಸ್ತಕ, ಪೂರ್ತಿ ವಾಕ್ಯ. ಪದಕ್ಕೆ ಯಾವ ಅರ್ಥ ಇರಬೇಕು ಅಂತ ಅವರು ತೀರ್ಪು ಕೊಡಲು ಕೂರಲಿಲ್ಲ. ಜನ ಹೇಗೆ ಬಳಸಿದ್ದಾರೆ ಅಂತ ಸಾಕ್ಷಿ ಕೂಡಿಸಿದರು. ಅವರಿಗಿಂತ ಮೊದಲು ಸ್ಯಾಮ್ಯುಯೆಲ್ ಜಾನ್ಸನ್ ಭಾಷೆಯನ್ನು ಬದಲಾಗದಂತೆ ಕಟ್ಟಿಹಾಕುವ ಆಸೆಯಿಂದಲೇ ನಿಘಂಟು ಶುರು ಮಾಡಿ, 1755ರ ಮುನ್ನುಡಿಯಲ್ಲಿ ಅದು ಆಗದ ಕೆಲಸ ಅಂತ ತಾವೇ ಬರೆದುಕೊಂಡರು.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ಪದದ ಚರಿತ್ರೆಯನ್ನು ದೊಣ್ಣೆ ಮಾಡಿಕೊಂಡು ಇನ್ನೊಬ್ಬರ ತಲೆಗೆ ಹೊಡೆಯುವ ಚಾಳಿಯ ಮೇಲೆ. ಹೆದರುತ್ತಾ ಇಂಗ್ಲಿಷ್ ಮಾತಾಡುವವರ ಬಾಯಿ ಮುಚ್ಚಿಸಲು ‘ಅದರ ನಿಜವಾದ ಅರ್ಥ ಅದಲ್ಲ’ ಅನ್ನುವ ಒಂದು ಮಾತು ಸಾಕು. ಹಾಗೆ ಹೇಳುವವರಲ್ಲಿ ಬಹಳಷ್ಟು ಜನ ಒಂದು ಒಳ್ಳೆಯ ನಿಘಂಟನ್ನೂ ತೆರೆದಿರುವುದಿಲ್ಲ. ಮೊಬೈಲಿಗೆ ಬಂದ ಕಥೆಯನ್ನೇ ಚರಿತ್ರೆ ಅಂದುಕೊಂಡಿರುತ್ತಾರೆ. ‘ನ್ಯೂಸ್’ ಅಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರ ಅಂತೆ. ಸುಳ್ಳು. ಹೊಸದು ಅನ್ನುವ ‘ನ್ಯೂ’ಗೆ ಬಹುವಚನ ಸೇರಿಸಿದ್ದು ಅಷ್ಟೇ. ‘ಪಾಶ್’ ಹಡಗಿನ ಟಿಕೆಟ್ಟಿನ ಮೇಲೆ ಒತ್ತುತ್ತಿದ್ದ ಅಕ್ಷರಗಳಂತೆ. ಅಂಥ ಒಂದೇ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಮೊದಲಕ್ಷರ ಜೋಡಿಸಿ ಪದ ಮಾಡುವ ರೂಢಿ ಇಂಗ್ಲಿಷಿನಲ್ಲಿ ಜಾಸ್ತಿಯಾದದ್ದೇ ಇಪ್ಪತ್ತನೇ ಶತಮಾನದಲ್ಲಿ. ಹಳೆಯ ಪದಕ್ಕೆ ಅಂಥ ಹುಟ್ಟಿನ ಕಥೆ ಯಾರಾದರೂ ಹೇಳಿದರೆ ಮೊದಲು ಅನುಮಾನ ಪಡಿ.

ಪತ್ರದ ಕೊನೆಯಲ್ಲಿ ನೀವು ‘ಡಿಸ್‌ಇಂಟರೆಸ್ಟೆಡ್’ ಅಂದರೆ ನಿಷ್ಪಕ್ಷಪಾತ ಮಾತ್ರ, ಆಸಕ್ತಿ ಇಲ್ಲದವನು ಅಂತ ಬಳಸುವುದು ಈಗಿನವರ ಅಜ್ಞಾನ ಅಂತಲೂ ಸೇರಿಸಿದ್ದೀರಿ. ಆ ವ್ಯತ್ಯಾಸ ಉಳಿದರೆ ನನಗೂ ಇಷ್ಟ, ನಾನೂ ಹಾಗೇ ಬರೆಯುತ್ತೇನೆ. ಆದರೆ ‘ಆಸಕ್ತಿ ಇಲ್ಲದ’ ಅನ್ನುವ ಅರ್ಥಕ್ಕೆ ಹದಿನೇಳನೇ ಶತಮಾನದ ಶುರುವಿನದೇ ಉದಾಹರಣೆ ಸಿಕ್ಕಿದೆ. ಈಗಿನವರ ತಲೆಗೆ ಕಟ್ಟಬೇಡಿ. ಕಾಡ್ಗಿಚ್ಚಿನ ಲೇಖನಕ್ಕೆ ತಿದ್ದುಪಡಿ ಹಾಕುವುದಿಲ್ಲ. ‘ಡೆಸಿಮೇಟ್’ ಅನ್ನು ಶತಮಾನಗಳುದ್ದಕ್ಕೂ ಹತ್ತರಲ್ಲಿ ಒಂದು ಅಂತಲೇ ಬಳಸಿದ ಇಂಗ್ಲಿಷ್ ವಾಕ್ಯಗಳು ನಿಮಗೆ ಸಿಕ್ಕಿದರೆ ವರ್ಷ, ಪುಸ್ತಕದ ಹೆಸರು ಸಮೇತ ಕಳಿಸಿ. ಪೂರ್ತಿ ಅಚ್ಚು ಹಾಕುತ್ತೇನೆ.