ಮೈಗ್ರೇನ್ ಮಾತ್ರೆ ನೋವು ಜೋರಾದ್ಮೇಲೆ ತಗೊಂಡ್ರೆ ಯಾಕೆ ಕೆಲಸ ಮಾಡಲ್ಲ?

ಯಾಕಂದ್ರೆ ಅಷ್ಟೊತ್ತಿಗೆ ತಡ ಆಗಿರತ್ತೆ, ನೋವು ಇನ್ನೂ ಸಣ್ಣಗಿರೋವಾಗ್ಲೇ ತಗೋಬೇಕು. ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಲ್ಲಿ ಲೋಕಲ್ ಟ್ರೇನ್ ಹತ್ತೋವಾಗ ಶುರುವಾಗಿದ್ದನ್ನ ಡೊಂಬಿವಲಿಗೆ ಹೋಗಿ ಊಟ ಮಾಡಿ ನೋಡೋಣ ಅಂತ ತಳ್ಳೋರೇ ನಮ್ಮಲ್ಲಿ ಜಾಸ್ತಿ. ಮೈಗ್ರೇನ್ ಅಟ್ಯಾಕ್ ಬಂದಾಗ ಹೊಟ್ಟೆನೂ ನಿಧಾನ ಆಗತ್ತೆ, ಮಾತ್ರೆ ಹೊಟ್ಟೇಲೇ ಕೂತಿರತ್ತೆ, ರಕ್ತಕ್ಕೆ ಸೇರೋದು ಕರುಳಿಗೆ ಹೋದ್ಮೇಲೇನೇ, ಅಷ್ಟರಲ್ಲಿ ವಾಂತಿ ಆದ್ರೆ ಅದೂ ಹೋಯ್ತು. ಅದಕ್ಕೇ ಕೆಲವರಿಗೆ ಡಾಕ್ಟ್ರು ವಾಂತಿ ಮಾತ್ರೆನೂ ಬರೀತಾರೆ, ಇಲ್ಲಾ ಮೂಗಿನ ಸ್ಪ್ರೇ ಕೊಡ್ತಾರೆ.

ಹಾಗಂತ ಸ್ವಲ್ಪ ತಲೆ ಭಾರ ಆದ್ರೂ ನುಂಗ್ಬೇಡಿ. ಮೈಗ್ರೇನ್‌ಗೇ ಅಂತ ಇರೋ ಸುಮಾಟ್ರಿಪ್ಟಾನ್ ಥರದ ಮಾತ್ರೆನ ತಿಂಗಳಿಗೆ 10 ದಿನ ಅಥವಾ ಜಾಸ್ತಿ, ಪ್ಯಾರಾಸಿಟಮಾಲ್ ಥರದ ಮಾಮೂಲಿ ನೋವಿನ ಮಾತ್ರೆನ 15 ದಿನ ಅಥವಾ ಜಾಸ್ತಿ, ಹೀಗೇ ತಿಂಗಳುಗಟ್ಟಲೆ ತಗೊಂಡ್ರೆ ಆ ಮಾತ್ರೆಯಿಂದಾನೇ ದಿನಾ ತಲೆನೋವು ಬರೋಕೆ ಶುರುವಾಗಬಹುದು. ಅಷ್ಟು ಸಲ ಬೇಕಾಗ್ತಿದ್ರೆ ಅಟ್ಯಾಕೇ ಬರದ ಹಾಗೆ ದಿನಾ ತಗೊಳೋ ಬೇರೆ ಔಷಧಿ ಇದೆ, ಡಾಕ್ಟ್ರನ್ನ ಕೇಳಿ.

ಸುಮಾಟ್ರಿಪ್ಟಾನ್ ತಗೊಂಡು ನೋವು ಕಮ್ಮಿಯಾಗಿ ವಾಪಸ್ ಬಂದ್ರೆ ಎರಡನೇದನ್ನ ಕನಿಷ್ಠ 2 ಗಂಟೆ ಬಿಟ್ಟು ತಗೋಬೇಕು, ಮೊದಲನೇದು ಏನೂ ಮಾಡ್ಲೇ ಇಲ್ಲ ಅಂದ್ರೆ ಅದೇ ಅಟ್ಯಾಕ್‌ಗೆ ಇನ್ನೊಂದು ಸುಮ್ನೆ ವೇಸ್ಟು. ಇದು ರಕ್ತನಾಳ ಬಿಗಿ ಮಾಡತ್ತೆ, ಹಾರ್ಟ್ ತೊಂದ್ರೆ, ಸ್ಟ್ರೋಕ್ ಆಗಿರೋರು, ಕಂಟ್ರೋಲಲ್ಲಿಲ್ಲದ ಬಿಪಿ ಇರೋರು ಮುಟ್ಟಲೇಬಾರದು, ಹಾಗಾಗಿ ಪಕ್ಕದ್ಮನೆ ಆಂಟಿ ಕೊಟ್ಟ ಸ್ಟ್ರಿಪ್ ಬೇಡ. ಯಾವತ್ತೂ ಇಲ್ಲದ ಹಾಗೆ ಒಂದೇ ಸಲ ತಲೆ ಸಿಡಿದಂಗೆ ನೋವು, ಇಲ್ಲಾ ಮಾತು ತೊದಲೋದು ಆದ್ರೆ ಮಾತ್ರೆ ಹುಡುಕ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.