ಸಾವ್ಕಾರ್ರು ಒಬ್ಬರೇ ವಿಯೆಟ್ನಾಂಗೆ ಹೋದದ್ದು

ನಾನು ಹುಬ್ಬಳ್ಳಿಯಲ್ಲಿ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಬಗ್ಗೆ, ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ವಯಸ್ಸು, ಮನೆಯವರ ವಿವರ, ಕೆಲವು ಘಟನೆಗಳ ಕ್ರಮ ಬದಲಿಸಿದ್ದೇನೆ. ಊರು ಮತ್ತು ವ್ಯಾಪಾರ ಮಾತ್ರ ಹಾಗೇ ಇವೆ, ಅವಿಲ್ಲದೆ ವಿಷಯವೇ ಅರ್ಥವಾಗೋದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಗಳು ನೂರಾರು. ಗುರುತು ಹಿಡಿಯೋಕೆ ಹೋಗಬೇಡಿ, ಸಿಗೋದಿಲ್ಲ.

ಅವರನ್ನು ಸಾವ್ಕಾರ್ರು ಅಂತಲೇ ಕರೆಯುತ್ತೇನೆ. ಊರಲ್ಲಿ ಎಲ್ಲರೂ ಹಾಗೇ ಕರೆಯೋದು. ವಯಸ್ಸು ನಲವತ್ತರ ಆಸುಪಾಸು. ಧಾರವಾಡದಲ್ಲಿ ಡಿಗ್ರಿ ಓದುತ್ತಿದ್ದಾಗ ತಂದೆ ತೀರಿಕೊಂಡರು. ತಿಂಗಳ ಕಾರ್ಯ ಮುಗಿಯುವ ಮೊದಲೇ ಅಂಗಡಿಯ ಗಾದಿ ಮೇಲೆ ಕೂತರು. ಅವತ್ತಿನಿಂದ ಎದ್ದಿಲ್ಲ. ಹುಬ್ಬಳ್ಳಿಗೆ ನನ್ನ ಹತ್ತಿರ ಬಂದದ್ದು ನಿದ್ದೆ ಬರ್ತಿಲ್ಲ ಅಂತ. ಹಾವೇರಿಯಲ್ಲೇ ಯಾರನ್ನಾದ್ರೂ ನೋಡಬಹುದಿತ್ತು, ಆದರೆ ಅಲ್ಲಿ ಅವರ ಕಾರು ಎಲ್ಲರಿಗೂ ಗೊತ್ತು.

"ಅಂಗಡಿ ಛಲೋ ನಡದೈತ್ರಿ ಮೇಡಂ. ಸಾಲ ಇಲ್ಲ, ಮಕ್ಳು ಓದಾಕತ್ತಾವ. ಆದ್ರ ಮುಂಜಾನೆ ಶಟರ್ ಎತ್ತೂಮುಂದ ಎದಿ ಮ್ಯಾಲೆ ಯಾರೋ ತುಂಬಿದ ಚೀಲ ಇಟ್ಟಂಗ ಆಗ್ತೈತಿ."

ಎರಡನೇ ಸಲ ಬಂದಾಗ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ, ಗೊತ್ತಿಲ್ಲದ ದೇಶಕ್ಕೆ ಒಂಟಿಯಾಗಿ ಹೋದರೆ ನೀವು ಯಾರು ಅನ್ನೋದು ನಿಮಗೆ ಸಿಗುತ್ತೆ ಅಂತ ಹೇಳುತ್ತಿದ್ದ. ಸಾವ್ಕಾರ್ರಿಗೂ ಹಾಗೇ ಹೋಗಬೇಕಿತ್ತು. ವಿಯೆಟ್ನಾಂ. ಹನೋಯ್, ಹಾ ಲಾಂಗ್ ಕೊಲ್ಲಿ, ಸಾಪಾ, ಡಾ ನಾಂಗ್, ಹೋ ಚಿ ಮಿನ್ಹ್ ಸಿಟಿ, ಎಲ್ಲ ಹತ್ತೇ ದಿನದಲ್ಲಿ. ಮನೆಯಲ್ಲಿ ಹೇಳಿದ್ದಕ್ಕೆ ದೊಡ್ಡ ರಾದ್ಧಾಂತವೇ ಆಗಿತ್ತು.

ಈ ಥರದ ವಿಡಿಯೋಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಟಿಕೆಟ್ ಮಾಡೋದಕ್ಕೆ ಮುಂಚೆ ನೋಡಬೇಕಾದ್ದು ಬೇರೆ ಇರುತ್ತದೆ. ನಿದ್ದೆ ಇಲ್ಲ, ಬೆಳಿಗ್ಗೆ ಎದೆ ಭಾರ, ಮೊದಲು ಇಷ್ಟವಿದ್ದದ್ದು ಈಗ ಬೇಡ ಅನ್ನಿಸೋದು. ಇವು ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಮ್ಮಿ ಇಡೀ ದಿನ ಕಾಡಿದರೆ ಖಿನ್ನತೆ ಇದೆಯಾ ಅಂತ ಪರೀಕ್ಷಿಸಲೇಬೇಕು. ಖಿನ್ನತೆ ಇದ್ದವರನ್ನು ಭಾಷೆ ಗೊತ್ತಿಲ್ಲದ ಊರಲ್ಲಿ ಒಬ್ಬರೇ ಬಿಡೋದು ಸಾಹಸ ಅಲ್ಲ, ಅಪಾಯ. ಹಾಗಾಗಿ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಅಲ್ಲಿ ಮನೋವೈದ್ಯರು ನೋಡಿ, ಔಷಧಿ ಬೇಕಾಗಿಲ್ಲ, ಆಪ್ತಸಲಹೆ ಮುಂದುವರಿಸಿ ಅಂದರು. ಓದುವವರಲ್ಲಿ ಯಾರಿಗಾದ್ರೂ ಇಂಥ ಭಾರ ಇದ್ದರೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಅವರ ಒಪ್ಪಿಗೆ ಪಡೆದು ಹೆಂಡತಿಯನ್ನೂ ಕರೆಸಿದೆ. ಅವರ ಸಂಶಯ ಏನು ಅಂತ ಬ್ಯಾಡಗಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀಸನ್ ಮುಗಿದ ಮೇಲೆ ವ್ಯಾಪಾರಸ್ಥರ ಗುಂಪು ಬ್ಯಾಂಕಾಕ್‌ಗೆ ಹೋಗೋದುಂಟು, ಅದರ ಬಗ್ಗೆ ಹೆಂಗಸರು ಮಾತಾಡಿಕೊಳ್ಳೋದೂ ಉಂಟು. "ನಾಕು ಮಂದಿ ಕೂಡಿ ಹೋಗ್ತೀನಿ ಅಂದಿದ್ರ ಬೈದು ಸುಮ್ನಾಗ್ತಿದ್ದೆ," ಅಂದರು ಅವರು. "ಒಬ್ಬರ ಹೋಗ್ತೀನಿ ಅಂತಾರಲ್ರಿ, ಅದಕ್ಕ ಹೆದರಿಕಿ." ಸ್ವಲ್ಪ ಹೊತ್ತು ಬಿಟ್ಟು, "ಇವರಿಗೆ ಅಷ್ಟರೆ ಹೇಳಾಕ ಬಂತು. ನಾ ಹರಿಹರ ದಾಟಿಲ್ಲ," ಅಂದರು. ಇದನ್ನು ಬರೆದಿಟ್ಟುಕೊಂಡೆ.

ಸಾವ್ಕಾರ್ರ ತೊಂದರೆಗೆ ಮನಃಶಾಸ್ತ್ರದಲ್ಲಿ ಹಳೆಯ ವಿವರಣೆಯೊಂದಿದೆ. 1966ರಲ್ಲಿ ಜೇಮ್ಸ್ ಮಾರ್ಸಿಯಾ ಅನ್ನೋ ಮನಃಶಾಸ್ತ್ರಜ್ಞ ಹರೆಯದವರು ತಮ್ಮತನ ಕಂಡುಕೊಳ್ಳುವ ರೀತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು ಬಗೆಯವರು ಏನನ್ನೂ ಹುಡುಕದೆ, ಹಿರಿಯರು ಕೊಟ್ಟದ್ದನ್ನೇ ತಮ್ಮದು ಅಂತ ಒಪ್ಪಿಕೊಂಡವರು. ಇದು ಕಾಯಿಲೆ ಅಲ್ಲ. ನಮ್ಮ ಮಾರುಕಟ್ಟೆಗಳಲ್ಲಿ ಅರ್ಧಕ್ಕರ್ಧ ಜನ ಹಾಗೇ ಬದುಕಿ ಸುಖವಾಗಿಯೇ ಇದ್ದಾರೆ. ಕೆಲವರಿಗೆ ಮಾತ್ರ ನಡುವಯಸ್ಸಿನಲ್ಲಿ ಪ್ರಶ್ನೆ ಏಳುತ್ತದೆ. ಇದು ನಾನು ಆರಿಸಿಕೊಂಡದ್ದಾ, ನನ್ನ ಮೇಲೆ ಬಂದು ಕೂತದ್ದಾ?

ಈ ಪ್ರಶ್ನೆಗೆ ಪ್ರಯಾಣ ಹೇಗೆ ಸಹಾಯ ಮಾಡುತ್ತೆ ಅನ್ನೋದರ ಬಗ್ಗೆ 2018ರಲ್ಲಿ ಹಾಯೋ ಆಡಂ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ದೇಶದಲ್ಲಿ ಇದ್ದು ಬಂದವರಿಗೆ ತಮ್ಮ ಬಗ್ಗೆ ಹೆಚ್ಚು ಸ್ಪಷ್ಟತೆ ಇರುತ್ತದೆ ಅಂತ ಅವರು ಕಂಡುಕೊಂಡರು. ಕಾರಣ ಏನಂದ್ರೆ, ಅಲ್ಲಿ ಮನುಷ್ಯ ತನ್ನ ಒಂದೊಂದು ರೂಢಿಯನ್ನೂ ಹಿಡಿದು ಇದು ನಿಜವಾಗಿ ನನ್ನದಾ, ಬೆಳೆದ ವಾತಾವರಣದ್ದಾ ಅಂತ ಕೇಳಿಕೊಳ್ಳುತ್ತಾನೆ. ಇನ್ನೊಂದು ಮಾತೂ ಅದರಲ್ಲಿದೆ. ಎಷ್ಟು ದೇಶ ನೋಡಿದಿರಿ ಅನ್ನೋದು ಮುಖ್ಯವಲ್ಲ, ಎಷ್ಟು ಕಾಲ ಇದ್ದಿರಿ ಅನ್ನೋದು ಮುಖ್ಯ. ಅವರು ನೋಡಿದ್ದು ತಿಂಗಳು, ವರ್ಷಗಟ್ಟಲೆ ವಾಸ ಇದ್ದವರನ್ನು. ಹತ್ತು ದಿನದ ಟೂರಿಗೆ ಅದನ್ನು ಪೂರ್ತಿ ಅನ್ವಯಿಸೋಕೆ ಬರೋದಿಲ್ಲ. ಸಾವ್ಕಾರ್ರಿಗೂ ಅದನ್ನೇ ಹೇಳಿದೆ. ಆದರೂ ಅದರಿಂದ ಒಂದು ಸಲಹೆ ಸಿಕ್ಕಿತು: ಐದು ಊರು ಬೇಡ, ಒಂದೇ ಊರಲ್ಲಿ ಇರಿ.

ಊರು ಹೋಯ್ ಆನ್ ಅಂತ ನಿಶ್ಚಯವಾಯಿತು. ಹೋಗೋದು ಜುಲೈಯಲ್ಲಿ, ಬ್ಯಾಡಗಿಗೆ ಮಾಲು ಕಡಿಮೆ ಇರುವ ಕಾಲ. ಮಧ್ಯ ವಿಯೆಟ್ನಾಂನಲ್ಲಿ ಆಗ ಬಿಸಿಲು, ಅಕ್ಟೋಬರ್-ನವೆಂಬರ್‌ನ ನೆರೆ ಇರೋದಿಲ್ಲ. ಒಂದು ಸಲದ ಪ್ರವೇಶಕ್ಕೆ 25 ಡಾಲರ್‌ನ ಇ-ವೀಸಾ ಸಾಕು. ಹೋಟೆಲ್ ವಿಳಾಸ, ವಿಮಾನದ ವಿವರ, ವಿಮೆಯ ಕಾಗದ ಹೆಂಡತಿಯ ಮೊಬೈಲಲ್ಲೂ ಇರಬೇಕು ಅಂದೆ. ದಿನಾ ರಾತ್ರಿ ಗೊತ್ತಾದ ಹೊತ್ತಿಗೆ ಮನೆಗೆ ವಿಡಿಯೋ ಕಾಲ್. ಅಂಗಡಿಗೆ ಕಾಲ್ ಮಾಡುವ ಹಾಗಿಲ್ಲ, ಗುಮಾಸ್ತರೂ ಮಾಡುವ ಹಾಗಿಲ್ಲ. ಹೆಂಡತಿ ಒಪ್ಪಿದ್ದು ಈ ರಾತ್ರಿಯ ಕಾಲ್‌ನಿಂದ. ತಾಯಿ ಕೊನೆಗೂ ಒಪ್ಪಲಿಲ್ಲ, ಹೋಗುವಾಗ ವಿಭೂತಿ ಮಾತ್ರ ಕೊಟ್ಟರು.

ಬರೆಯೋಕೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ ಅಂದೆ. ಮನಸ್ಸಿನ ಭಾವನೆ ಬರೀರಿ ಅಂದ್ರೆ ನಮ್ಮ ಕಡೆ ಗಂಡಸರು ಎರಡು ಸಾಲಿಗೇ ನಿಲ್ಲಿಸುತ್ತಾರೆ. ಅದಕ್ಕೇ ಅಂಗಡಿಯ ದಿನದ ಲೆಕ್ಕ, ಕೀರ್ದಿ ಬರೆದಂಗೆ ಬರೀರಿ ಅಂದೆ. ಇವತ್ತು ಯಾರೂ ಹೇಳದೆ ಏನು ಮಾಡಿದೆ, ಏನು ಬಿಟ್ಟೆ, ಆಗ ಯಾರು ನೆನಪಾದರು. ಅಷ್ಟೇ.

ಆ ನೋಟ್‌ಬುಕ್ ನನಗೆ ಓದೋಕೆ ಕೊಟ್ಟರು. ಮೊದಲ ಮೂರು ದಿನ ಸುಮ್ನೆ ಒದ್ದಾಟ. ರೇಟು ಕೇಳಿದರೆ ಅಂಗಡಿಯವಳು ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾಳೆ. ಒಂದು ರೂಪಾಯಿಗೆ ಮುನ್ನೂರರ ಹತ್ತಿರ ಡಾಂಗ್, ಕೈಯಲ್ಲಿ 5 ಲಕ್ಷದ ನೋಟು. ಇಪ್ಪತ್ತು ವರ್ಷ ರೇಟು ಮಾತಾಡಿ ಬದುಕಿದವರಿಗೆ ತೆಂಗಿನಕಾಯಿ ರೇಟು ಮಾತಾಡೋಕೆ ಬರಲಿಲ್ಲ. ಊಟದ್ದು ಇನ್ನೊಂದು ಕಷ್ಟ. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಕೊನೆಗೆ "ಚಾಯ್" ಅಂತ ಬೋರ್ಡಿರುವ ಸಸ್ಯಾಹಾರಿ ಹೋಟೆಲ್ ಹುಡುಕಿಕೊಂಡರು. ಅಲ್ಲಿ ಬೌದ್ಧರಲ್ಲಿ ಎಷ್ಟೋ ಜನ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುತ್ತಾರೆ ಅಂತ ತಿಳಿದು ಇವರಿಗೆ ಖುಷಿಯೋ ಖುಷಿ.

ಹೋಟೆಲಿನ ಹುಡುಗಿ ಪಾಸ್‌ಪೋರ್ಟ್ ನೋಡಿ ಮಿಸ್ಟರ್ ಅಂತ ಸೇರಿಸಿ ಇವರ ಹೆಸರು ಹಿಡಿದು ಕರೆದಳು. ಒಂದು ಕ್ಷಣ ಯಾರನ್ನೋ ಕರೀತಿದ್ದಾಳೆ ಅನ್ನಿಸಿತಂತೆ.

ನನಗೆ ಮುಖ್ಯ ಅನ್ನಿಸಿದ್ದು ಪೂಜೆಯ ವಿಷಯ. ಊರಲ್ಲಿ ದಿನಾ ಇಷ್ಟಲಿಂಗ ಪೂಜೆ ಆಗದೆ ಇವರು ನಾಷ್ಟಾ ಮಾಡೋದಿಲ್ಲ. ಅವ್ವ ನೋಡುತ್ತಿರುತ್ತಾರೆ. ಹೋಯ್ ಆನ್‌ನಲ್ಲಿ ಮೊದಲ ದಿನ ಬೇಕಂತಲೇ ಬಿಟ್ಟರು. ಏನೂ ಆಗಲಿಲ್ಲ. ಎರಡನೇ ದಿನವೂ ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಯಾರೂ ಹೇಳದೆ ಸ್ನಾನ ಮಾಡಿ ಕೂತರು. "ಇದು ನಂದ," ಅಂತ ಬರೆದಿದ್ದಾರೆ, ಕೆಳಗೆ ಗೆರೆ ಎಳೆದು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಮೀ ಸನ್‌ಗೂ ಹೋಗಿದ್ದರು. ಚಂಪಾ ರಾಜರು 4ನೇ ಶತಮಾನದಿಂದ ಕಟ್ಟಿಸುತ್ತಾ ಬಂದ ಶಿವನ ಗುಡಿಗಳು ಅಲ್ಲಿವೆ, ಇಟ್ಟಿಗೆಯವು. 1969ರಲ್ಲಿ ಅಮೆರಿಕದ ಬಾಂಬು ಬಿದ್ದ ಗುಂಡಿಗಳೂ ಇವೆ. ಅದರ ಬಗ್ಗೆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು. ದೊಡ್ಡ ದೊಡ್ಡ ಜಾಗದಲ್ಲೇ ದೊಡ್ಡ ಅರಿವು ಬರುತ್ತೆ ಅಂತ ಕಾಯುವವರು ಇದನ್ನು ಗಮನಿಸಬೇಕು.

ಜಾಸ್ತಿ ಬರೆದದ್ದು ಹಳೇ ಪೇಟೆಯ ಒಂದು ವರ್ತಕರ ಮನೆಯ ಬಗ್ಗೆ. ಹೋಯ್ ಆನ್ 15ರಿಂದ 19ನೇ ಶತಮಾನದವರೆಗೆ ವ್ಯಾಪಾರದ ಬಂದರು. ಕೆಲವು ಮನೆಗಳಲ್ಲಿ ಅದೇ ಮನೆತನದವರು ಇನ್ನೂ ಇದ್ದಾರೆ, ಟಿಕೆಟ್ ತಗೊಂಡು ಒಳಗೆ ನೋಡಬಹುದು. ಗೋಡೆ ಮೇಲೆ ಯಾವ ವರ್ಷ ನೆರೆ ಎಲ್ಲಿತನಕ ಬಂತು ಅಂತ ಗುರುತು ಮಾಡಿದ್ದಾರೆ. ಇವರು ಅಲ್ಲಿ ಒಂದು ತಾಸು ಕೂತರು. ಆಗ ನೆನಪಾದದ್ದು ಅಪ್ಪ ಅಲ್ಲ. ರಾಯಚೂರು ಕಡೆಯ ಒಬ್ಬ ರೈತ. ಮುಂಗಡ ತಗೊಂಡು ಮಾಲು ಬೇರೆ ಅಂಗಡಿಗೆ ಹಾಕಿದ ಅಂತ ಅವನನ್ನು ನಾಲ್ಕು ಜನರ ಎದುರು ಇವರು ಬೈದಿದ್ದರು. ಅಪ್ಪ ಹೇಗೆ ಬೈಯುತ್ತಿದ್ದರೋ ಹಾಗೇ, ಅವವೇ ಮಾತುಗಳಲ್ಲಿ. ಮಾರನೇ ದಿನ ಸಂತೆಯಲ್ಲಿ ಒಣಮೆಣಸಿನಕಾಯಿ ಕಂಡು, ಕೈಯಲ್ಲಿ ಮುರಿದು, ಮೂಸಿ, ನಮ್ಮ ಡಬ್ಬಿ ಮೆಣಸಿನಕಾಯಿಯ ಬಣ್ಣ ಇದಕ್ಕೆಲ್ಲಿಂದ ಬರಬೇಕು ಅಂತ ಬರೆದಿದ್ದಾರೆ. ಆ ಸಾಲಲ್ಲಿ ಬೇಸರ ಹುಡುಕಿದರೂ ಇಲ್ಲ.

ನೋಟ್‌ಬುಕ್ಕಿನಲ್ಲಿ ಉತ್ತರ ಅಷ್ಟು ಸ್ಪಷ್ಟವಾಗಿದ್ದರೂ ಸಾವ್ಕಾರ್ರು ಹುಬ್ಬಳ್ಳಿಗೆ ಬಂದು ಹೇಳಿದ್ದೇ ಬೇರೆ. ಅಂಗಡಿ ಲೈಸೆನ್ಸ್ ತಮ್ಮನಿಗೆ ಬಿಟ್ಟುಕೊಟ್ಟು ದಾಂಡೇಲಿ ಕಡೆ ಹೋಮ್‌ಸ್ಟೇ ಮಾಡ್ತಾರಂತೆ. ಜಾಗ ನೋಡಿಯೂ ಆಗಿತ್ತು.

ಪ್ರಯಾಣ ಮುಗಿಸಿ ಬಂದವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ರಜೆಯಲ್ಲಿ ಸಿಕ್ಕ ಹಗುರವನ್ನೇ ತಮ್ಮ ನಿಜವಾದ ಸ್ವಭಾವ ಅಂದುಕೊಳ್ಳುತ್ತಾರೆ. ಅಲ್ಲಿ ಹಾಸಿಗೆ ಮಡಚುವವರು ಬೇರೆ ಯಾರೋ, ಅಡುಗೆ ಬೇರೆ ಯಾರದೋ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಹಗುರ ಆಗದೆ ಇನ್ನೇನಾಗುತ್ತೆ? ಬಂದ ಮೇಲೆ ಕನಿಷ್ಠ ಒಂದು ಸೀಸನ್ ಕಳೆಯುವವರೆಗೆ ಮಾರೋದು, ಕೊಳ್ಳೋದು, ಬಿಡೋದು ಯಾವುದೂ ಬೇಡ ಅಂತ ಖಡಕ್ಕಾಗಿ ಹೇಳಿದೆ. ಅವರ ನೋಟ್‌ಬುಕ್ಕನ್ನೇ ಅವರ ಮುಂದಿಟ್ಟು ಓದಿಸಿದೆ. ಮೆಣಸಿನಕಾಯಿ ಬಗ್ಗೆ ಬೇಸರದ ಮಾತು ಎಲ್ಲಿದೆ, ತೋರಿಸಿ ಅಂದೆ. ಇರಲಿಲ್ಲ. ವಸೂಲಿ ಬಗ್ಗೆ ಪುಟಗಟ್ಟಲೆ ಇತ್ತು.

ಅಲ್ಲಿಂದ ಮಾತು ಸುಲಭವಾಯಿತು. ಎದೆ ಮೇಲಿನ ಭಾರ ಅಂಗಡಿಯದಲ್ಲ. ಗಾದಿ ಮೇಲೆ ಕೂತು ಅಪ್ಪನ ದನಿಯಲ್ಲಿ ರೈತರನ್ನು ಗದರಿಸೋದು ಇವರಿಗೆ ಆಗುತ್ತಿರಲಿಲ್ಲ. ಆದರೆ ದಲಾಲಿ ಅಂದ್ರೆ ಅದೇ ಅಂತ ಕಲಿತಿದ್ದರು. ಈಗ ಮುಂಗಡದ ಲೆಕ್ಕ, ವಸೂಲಿಯ ಮಾತು ಗುಮಾಸ್ತರು ಮತ್ತು ತಮ್ಮ ನೋಡಿಕೊಳ್ಳುತ್ತಾರೆ. ಕೊಡುವಾಗಲೇ ಕಾಗದ ಮಾಡಿಕೊಳ್ಳುತ್ತಾರೆ, ಆಮೇಲೆ ಜಗಳ ಕಡಿಮೆ. ಇವರು ಮಾಲು ಆರಿಸೋದು, ಟೆಂಡರಿಗೆ ರಾಶಿ ಹಾಕಿಸೋದು, ಕೋಲ್ಡ್ ಸ್ಟೋರೇಜ್ ಕೆಲಸಕ್ಕೆ ಇಳಿದಿದ್ದಾರೆ. ಪೂರ್ತಿ ಸರಿಹೋಯಿತು ಅಂತಲ್ಲ. ಫೆಬ್ರುವರಿಯ ಗದ್ದಲದಲ್ಲಿ ನಿದ್ದೆ ಮತ್ತೆ ಕೆಟ್ಟು ಬಂದಿದ್ದರು. ತಮ್ಮನ ವಸೂಲಿ ಅಪ್ಪನದಕ್ಕಿಂತ ಜೋರಂತೆ, ಅದೊಂದು ಹೊಸ ತಲೆನೋವು. ಅದರ ಮೇಲೆ ಈಗ ಕೆಲಸ ಮಾಡುತ್ತಿದ್ದೇವೆ.

ಇದೆಲ್ಲ ವಿಯೆಟ್ನಾಂಗೆ ಹೋಗದೇ ಗೊತ್ತಾಗುತ್ತಿರಲಿಲ್ವಾ ಅಂತ ಕೆಲವರು ಕೇಳಬಹುದು. ಗೊತ್ತಾಗಬಹುದಿತ್ತು, ನಿಧಾನವಾಗಿ. ಗೋಕರ್ಣಕ್ಕೋ ಶ್ರೀಶೈಲಕ್ಕೋ ಹೋಗಿದ್ದರೆ ಅಲ್ಲೂ ಯಾರಾದ್ರೂ "ಸಾವ್ಕಾರ್ರ, ಯಾವಾಗ ಬಂದ್ರಿ" ಅನ್ನುತ್ತಿದ್ದರು. ಗುರುತಿನವರು ಒಬ್ಬರೂ ಇಲ್ಲದ ಜಾಗ ಬೇಕಿತ್ತು, ಅದಕ್ಕೆ ಅಷ್ಟು ದೂರ. ದುಡ್ಡಿಲ್ಲದವರು ಸಾಲ ಮಾಡಿ ಹೋಗೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಗುರುತಿಲ್ಲದ ಊರು ಸಾಕು, ಗುರುತಿಲ್ಲದ ದೇಶವೇ ಆಗಬೇಕು ಅಂತಿಲ್ಲ.

ಹೋದ ತಿಂಗಳು ಅವರ ಹೆಂಡತಿ ಫೋನ್ ಮಾಡಿದ್ದರು. ಪಾಸ್‌ಪೋರ್ಟಿಗೆ ಹಾಕಿದ್ದಾರೆ. ದೇಶ ಇನ್ನೂ ನಿಶ್ಚಯವಾಗಿಲ್ಲ, ಒಬ್ಬರೇ ಹೋಗೋದು ಅನ್ನೋದು ನಿಶ್ಚಯವಾಗಿದೆ. ಸಾವ್ಕಾರ್ರು ಬೇಡ ಅಂತಿದ್ದಾರಂತೆ. ಬುಧವಾರ ಇಬ್ಬರನ್ನೂ ಬರೋಕೆ ಹೇಳಿದ್ದೇನೆ.